ಮನೆಯಲ್ಲೇ ಮಾಡಿದ ಹಜಾರದ ಮೇಜು ಕೈಕೊಟ್ಟರೆ: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಬಾಗಿಲು ದಾಟಿ ಒಳಗೆ ಬಂದರೆ ಗೋಡೆಗೆ ಒತ್ತಿಕೊಂಡು ನಿಂತಿರುವ ಸಪೂರ ಮೇಜು. ಮೇಲೆ ಬೀಗದ ಕೈ, ಕನ್ನಡಕ, ಕರೆಂಟ್ ಬಿಲ್ಲು. ಅದರಡಿ ಎರಡು ಡ್ರಾಯರ್. ಇನ್ನೂ ಕೆಳಗೆ ಚಪ್ಪಲಿ, ಶೂ ಇಡಲು ಬಾಗಿಲಿರುವ ಗೂಡು. ಉದ್ದ ಮೂರು-ಮೂರೂವರೆ ಅಡಿ, ಎತ್ತರ ಎರಡೂಮುಕ್ಕಾಲು ಅಡಿ, ಗೋಡೆಯಿಂದ ಮುಂದಕ್ಕೆ ಒಂದಡಿಗಿಂತ ತುಸು ಹೆಚ್ಚು. ಮೇಲ್ಹಲಗೆಗೆ ತೇಗವೋ ಹಲಸೋ ಸಿಲ್ವರ್ ಓಕೋ, ಪೆಟ್ಟಿಗೆಗೆ 18 ಮಿ.ಮೀ. ಪ್ಲೈವುಡ್, ಬೆನ್ನಿಗೆ 6 ಮಿ.ಮೀ. ಪ್ಲೈವುಡ್. ಮರಗೆಲಸವನ್ನು ಮನೆಯಲ್ಲೇ ಕಲಿಯುವವರು ಸಾಮಾನ್ಯವಾಗಿ ಕೈಹಾಕುವುದು ಇಂಥ ಮೇಜಿಗೆ. ಈ ಕೈಪಿಡಿಯೂ ಅದನ್ನೇ ಕಣ್ಣೆದುರು ಇಟ್ಟುಕೊಂಡಿದೆ.

ಮನೆಯ ಬೇರೆ ಮರದ ಸಾಮಾನುಗಳಿಗಿಂತ ಇದಕ್ಕೆ ಕಷ್ಟ ಜಾಸ್ತಿ. ಹೊಸ್ತಿಲು ತೊಳೆದ ನೀರು ಇದರ ಕಾಲಿಗೆ ಹರಿದು ಬರುತ್ತದೆ. ನೆಲ ಒರೆಸುವ ಬಟ್ಟೆ ದಿನವೂ ತಾಗುತ್ತದೆ. ಒದ್ದೆ ಕೊಡೆ ಒರಗುತ್ತದೆ, ಮಳೆಯಲ್ಲಿ ನೆನೆದ ಶೂ ಒಳಗೆ ಸೇರುತ್ತದೆ. ಹಿಂದೆ ಇರುವುದು ಹೊರಗೋಡೆಯಾದರೆ ಅದರ ಥಂಡಿಯೂ ಬೆನ್ನಿಗೆ ಹತ್ತುತ್ತದೆ. ಹಾಗಾಗಿ ದೋಷ ಕಂಡಾಗ ನಾನು ಮೊದಲು ಹುಡುಕುವುದು ನೀರನ್ನು. ಅಳತೆಯ ತಪ್ಪು, ಸಡಿಲ ಸ್ಕ್ರೂ ಇವೆಲ್ಲ ಆಮೇಲೆ. ಕೀಸುಳಿಯನ್ನೂ ಗರಗಸವನ್ನೂ ಕೈಗೆತ್ತಿಕೊಳ್ಳುವುದು ಎಲ್ಲಕ್ಕಿಂತ ಕೊನೆಗೆ. ಕೀಸಿ ತೆಗೆದ ಮರವನ್ನು ಮತ್ತೆ ಹಚ್ಚಲಾಗುವುದಿಲ್ಲ.

ಪರೀಕ್ಷೆಗೆ ಬೇಕಾದ ಸಾಮಾನು ಹೆಚ್ಚೇನಿಲ್ಲ: ಅಳತೆ ಟೇಪು, ರಸಮಟ್ಟ, ಮೂಲೆಮಟ್ಟ, ಟಾರ್ಚು, ಸ್ಕ್ರೂಡ್ರೈವರ್, ಒಂದು ದಬ್ಬಣ, ಸೀಮೆಸುಣ್ಣ, ಪೆನ್ಸಿಲ್ಲು. ಇವುಗಳಲ್ಲೇ ಬಹುಪಾಲು ದೋಷ ಸಿಕ್ಕಿಬೀಳುತ್ತದೆ.

## ಎಲ್ಲಕ್ಕಿಂತ ಮೊದಲು: ತೊಂದರೆ ಶುರುವಾದದ್ದು ಯಾವ ತಿಂಗಳು?

ಮರ ಸುತ್ತಲ ಗಾಳಿಯ ತೇವವನ್ನು ಹೀರುತ್ತದೆ, ಗಾಳಿ ಒಣಗಿದಾಗ ಬಿಟ್ಟುಕೊಡುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 40ರ ಸುಮಾರಿನಲ್ಲಿ ನಿಂತರೆ ಮರದೊಳಗಿನ ತೇವ ಶೇ. 7–8ಕ್ಕೆ ಬಂದು ನಿಲ್ಲುತ್ತದೆ. ಆರ್ದ್ರತೆ ಶೇ. 85ಕ್ಕೆ ಏರಿ ವಾರಗಟ್ಟಲೆ ಅಲ್ಲೇ ಉಳಿದರೆ ಮರದ ತೇವ ಶೇ. 17–18ರ ತನಕ ಹೋಗಬಹುದು. ಉಡುಪಿ, ಮಂಗಳೂರು, ಕಾರವಾರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುವುದು ಇದೇ. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಇದರ ತದ್ವಿರುದ್ಧ. ತೇವ ಹೆಚ್ಚಿದಾಗ ಹಲಗೆ ಅಗಲದಲ್ಲಿ ಹಿಗ್ಗುತ್ತದೆ, ಕಡಿಮೆಯಾದಾಗ ಕುಗ್ಗುತ್ತದೆ. ಉದ್ದದಲ್ಲಿ ಮಾತ್ರ ಲೆಕ್ಕಕ್ಕೆ ಬರುವಷ್ಟು ಬದಲಾಗುವುದಿಲ್ಲ. ಈ ಒಂದು ಸಂಗತಿ ತಿಳಿದಿದ್ದರೆ ಮುಂದಿನ ಅರ್ಧ ಪರೀಕ್ಷೆಗಳ ಕಾರಣ ತಾನಾಗಿ ಹೊಳೆಯುತ್ತದೆ.

ಆದ್ದರಿಂದ ಮೊದಲ ಪ್ರಶ್ನೆಗಳು ಇವು. ಮೇಜು ಮಾಡಿದ್ದು ಯಾವ ತಿಂಗಳಲ್ಲಿ? ತೊಂದರೆ ಕಂಡದ್ದು ಯಾವಾಗ? ನಡುವೆ ಊರು ಬದಲಾಯಿತೇ? ಬಯಲುಸೀಮೆಯ ಬೇಸಿಗೆಯಲ್ಲಿ ಮಾಡಿಸಿ ಕರಾವಳಿಗೆ ಸಾಗಿಸಿದ ಮೇಜಿನ ಡ್ರಾಯರ್ ಆಷಾಢದಲ್ಲಿ ಬಿಗಿಯಾದರೆ ಅಚ್ಚರಿಪಡಬೇಕಿಲ್ಲ. ಮಲೆನಾಡಿನ ಮಳೆಯಲ್ಲಿ ಜೋಡಿಸಿದ ಹಲಗೆಯನ್ನು ದಿನವಿಡೀ ಎಸಿ ಓಡುವ ಮನೆಗೆ ಒಯ್ದರೆ ಸೀಳು ಬಂದೀತು. ದೋಷ ಋತುವಿನ ಜೊತೆ ಬಂದು ಹೋಗುವಂಥದ್ದೋ ಅಥವಾ ದಿನದಿಂದ ದಿನಕ್ಕೆ ಬೆಳೆಯುತ್ತಿದೆಯೋ ಎಂಬುದನ್ನು ತೀರ್ಮಾನಿಸಿದ ಮೇಲೆ ಮುಂದಕ್ಕೆ ಹೋಗಿ.

## ಡ್ರಾಯರ್ ಎಳೆದರೆ ಮೇಜು ಮುಂದಕ್ಕೆ ವಾಲುತ್ತದೆ

ಇದು ಕಂಡರೆ ಉಳಿದ ರಿಪೇರಿಗಳನ್ನೆಲ್ಲ ಬದಿಗಿಟ್ಟು ಇವತ್ತೇ ಸರಿಮಾಡಿ. ಒಂದಡಿ ಅಗಲದ ಮೇಜಿನಲ್ಲಿ ತುಂಬಿದ ಎರಡು ಡ್ರಾಯರ್ ಒಟ್ಟಿಗೆ ಹೊರಬಂದರೆ ಭಾರವೆಲ್ಲ ಮುಂಗಾಲಿನಾಚೆ ಬೀಳುತ್ತದೆ. ಆಗ ಒಂದು ಮಗು ಡ್ರಾಯರಿನ ಅಂಚು ಹಿಡಿದು ಮೇಲೇರಲು ನೋಡಿದರೆ ಮೇಜು ಮಗುವಿನ ಮೇಲೇ ಬೀಳುತ್ತದೆ.

ಪರೀಕ್ಷೆ ಸುಲಭ. ಚಪ್ಪಲಿ ಗೂಡು ಖಾಲಿ ಮಾಡಿ, ಡ್ರಾಯರುಗಳಲ್ಲಿ ಇರುವ ಸಾಮಾನು ಇರಲಿ, ಎರಡನ್ನೂ ಪೂರ್ತಿ ಎಳೆಯಿರಿ. ಇನ್ನೊಬ್ಬರು ಮೇಲ್ಹಲಗೆ ಹಿಡಿದುಕೊಂಡಿರಲಿ. ಹಿಂಗಾಲು ಕೂದಲೆಳೆಯಷ್ಟು ಎದ್ದರೂ ಮೇಜನ್ನು ಗೋಡೆಗೆ ಕಟ್ಟಲೇಬೇಕು. ಎದ್ದಿಲ್ಲವಾದರೂ ಮಕ್ಕಳಿರುವ ಮನೆಯಲ್ಲಿ ಕಟ್ಟಿ ಎಂದೇ ನನ್ನ ಸಲಹೆ. ಭಾರದ ಸಾಮಾನನ್ನು ಕೆಳಗೂಡಿಗೆ ಇಳಿಸಿ. ಮೇಲ್ಹಲಗೆಯ ಕೆಳಗಡೆ, ಹಿಂಬದಿಯ ಗಟ್ಟಿ ಪಟ್ಟಿಗೆ ಎರಡು ಎಲ್ ಪಟ್ಟಿ ಕೂರಿಸಿ, ಗೋಡೆಗೆ ತೂತು ಕೊರೆದು ಪ್ಲಗ್ ಹಾಕಿ ಬಿಗಿಯಿರಿ. ಬರೀ 6 ಮಿ.ಮೀ. ಬೆನ್ನಿನ ಪ್ಲೈಗೆ ಸ್ಕ್ರೂ ಹಾಕಿದರೆ ಅದು ಕಿತ್ತು ಬರುತ್ತದೆ.

ಗೋಡೆ ಕೊರೆಯುವ ಮೊದಲು ಎಚ್ಚರಿಕೆ. ಬಾಗಿಲ ಪಕ್ಕದ ಗೋಡೆಯಲ್ಲಿ ಸ್ವಿಚ್ ಬೋರ್ಡ್ ಇದ್ದೇ ಇರುತ್ತದೆ. ಅದರ ನೇರ ಮೇಲೆ, ನೇರ ಕೆಳಗೆ, ಅದೇ ಮಟ್ಟದ ಎಡಬಲಕ್ಕೆ ತಂತಿಯ ಪೈಪು ಹೋಗಿರುವ ಸಾಧ್ಯತೆ ಹೆಚ್ಚು. ಆ ಗೆರೆಗಳನ್ನು ಬಿಟ್ಟು ಕೊರೆಯಿರಿ, ಆ ಕಡೆಯ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಇಳಿಸಿಕೊಳ್ಳಿ. ಗೋಡೆಯಾಚೆ ಬಚ್ಚಲುಮನೆ ಇದ್ದರೆ ನೀರಿನ ಪೈಪಿನ ಭಯವೂ ಉಂಟು. ಎಲ್ಲಿ ಹೋಗಿದೆ ಎಂದು ಖಚಿತವಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಅಥವಾ ಪ್ಲಂಬರ್ ಬಂದು ಗುರುತು ಮಾಡಿಕೊಡುವ ತನಕ ಡ್ರಿಲ್ ಮುಟ್ಟಬೇಡಿ.

## ಮೂಲೆ ಒತ್ತಿದರೆ ಕುಣಿಯುತ್ತದೆ, ತಳ್ಳಿದರೆ ತೂಗಾಡುತ್ತದೆ

ಇವು ಎರಡು ಬೇರೆ ಬೇರೆ ರೋಗ. ಒಂದು ಮೂಲೆ ಒತ್ತಿದಾಗ ಎದುರು ಮೂಲೆಯ ಕಾಲು ಎದ್ದರೆ ಅದು ಕುಣಿತ. ನಾಲ್ಕೂ ಕಾಲು ನೆಲದಲ್ಲಿದ್ದೂ ಮೇಲ್ಭಾಗ ಎಡಬಲಕ್ಕೆ ಓಲಾಡಿದರೆ ಅದು ಜೋಡಣೆಯ ಸಡಿಲ.

ಕುಣಿತಕ್ಕೆ ಮೊದಲ ಪರೀಕ್ಷೆ: ಮೇಜನ್ನು ಸಮತಟ್ಟಾದ ಬೇರೊಂದು ನೆಲದ ಮೇಲೆ ನಿಲ್ಲಿಸಿ. ಅಲ್ಲಿ ಕುಣಿಯದಿದ್ದರೆ ದೋಷ ನೆಲದ್ದು. ಅಲ್ಲೂ ಕುಣಿದರೆ ದೋಷ ಮೇಜಿನದ್ದು. ನೆಲದ ದೋಷಕ್ಕೆ ತಿರುಗಿಸಿ ಎತ್ತರ ಹೊಂದಿಸುವ ಬುಷ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಕಾಲಿಗೊಂದು ಹಾಕಿದರೆ ಮುಗಿಯಿತು. ದೋಷ ಮೇಜಿನದ್ದಾದರೆ ಕಾಲು ಕುಯ್ಯಲು ಅವಸರ ಬೇಡ. ಚೌಕಟ್ಟೇ ತಿರುಚಿರಬಹುದು. ಮೇಜಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಮೇಲ್ಹಲಗೆಯ ಮುಂದಿನ ಅಂಚನ್ನೂ ಹಿಂದಿನ ಅಂಚನ್ನೂ ಒಂದೇ ಗೆರೆಗೆ ತಂದು ಒಂದು ಕಣ್ಣು ಮುಚ್ಚಿ ನೋಡಿ. ಎರಡು ಗೆರೆ ಒಂದಕ್ಕೊಂದು ಸಮಾನಾಂತರ ಇಲ್ಲದಿದ್ದರೆ ಅದು ತಿರುಚು. ಕಾಲು ಕುಯ್ದು ಅದನ್ನು ಮುಚ್ಚಿದರೂ ಡ್ರಾಯರ್ ಮುಂದೆ ಅದನ್ನೇ ಬಯಲು ಮಾಡುತ್ತದೆ. ಅಂಥ ಚೌಕಟ್ಟಿಗೆ ಎತ್ತರ ಹೊಂದಿಸುವ ಬುಷ್ಷೇ ಸರಿ.

ತೂಗಾಟಕ್ಕೆ ಮೊದಲು ಬೆನ್ನಿನ ಹಲಗೆ ನೋಡಿ. ಅದು ಬರೀ ನಾಲ್ಕು ಮೊಳೆಯಲ್ಲಿ ನಿಂತಿದೆಯೇ? ಪೆಟ್ಟಿಗೆ ಓರೆಯಾಗದಂತೆ ಹಿಡಿಯುವುದು ಅದೇ. ಮುಂದಿನಿಂದ ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನು ಅಳೆಯಿರಿ. ಎರಡೂ ಒಂದೇ ಆಗುವ ತನಕ ಪೆಟ್ಟಿಗೆಯನ್ನು ತಳ್ಳಿ ಹೊಂದಿಸಿ, ಸುತ್ತಲೂ ಆರಾರು ಇಂಚಿಗೆ ಒಂದು ಸ್ಕ್ರೂ ಹಾಕಿ. ಬಹಳ ಮೇಜುಗಳು ಇಷ್ಟಕ್ಕೇ ನೆಟ್ಟಗೆ ನಿಲ್ಲುತ್ತವೆ.

ಇನ್ನೂ ಓಲಾಡಿದರೆ ಒಬ್ಬರು ತಳ್ಳಲಿ, ಇನ್ನೊಬ್ಬರು ಒಂದೊಂದು ಸಂದಿಗೂ ಟಾರ್ಚು ಬಿಟ್ಟು ನೋಡಿ. ಬಾಯಿ ಬಿಟ್ಟು ಮುಚ್ಚುವ ಸಂದು ಯಾವುದೆಂದು ಗೊತ್ತಾಗುತ್ತದೆ. ತೆಳ್ಳಗಿನ ಕಾಗದದ ಚೂರು ಒಳಗೆ ಹೋದರೆ ಅಲ್ಲಿ ಅಂಟು ಬಿಟ್ಟಿದೆ. ಹೊರಗಿನಿಂದ ಹೊಸ ಅಂಟು ಸುರಿದು ಉಪಯೋಗವಿಲ್ಲ: ಬಿಳಿ ಮರದಂಟು ತನ್ನದೇ ಒಣಗಿದ ಪದರದ ಮೇಲೆ ಸರಿಯಾಗಿ ಹಿಡಿಯುವುದಿಲ್ಲ. ಸಂದನ್ನು ಪೂರ್ತಿ ಬಿಚ್ಚಿ, ಹಳೆಯ ಅಂಟನ್ನು ಉಳಿಯಿಂದ ಹೆರೆದು ಮರದ ಮೈ ಕಾಣಿಸಿ, ಆಮೇಲೆ ಅಂಟು ಹಚ್ಚಿ ಕ್ಲ್ಯಾಂಪ್ ಹಾಕಿ. ಕ್ಲ್ಯಾಂಪ್ ಒಂದೆರಡು ಗಂಟೆಗೆ ತೆಗೆದರೂ ಭಾರ ಹೇರುವ ಮುನ್ನ ಒಂದು ಪೂರ್ತಿ ದಿನ ಬಿಡಿ.

## ಡ್ರಾಯರ್ ಬಿಗಿ, ಓರೆ, ಅಥವಾ ಅರ್ಧಕ್ಕೆ ನಿಲ್ಲುತ್ತದೆ

ಮೊದಲು ಡ್ರಾಯರ್ ಹೊರತೆಗೆದು ಹಿಂದೆ ಏನಾದರೂ ಬಿದ್ದಿದೆಯೇ ನೋಡಿ. ತುಂಬಿದ ಡ್ರಾಯರಿನಿಂದ ಜಾರಿದ ಒಂದು ಲಕೋಟೆ ಸಾಕು, ಕೊನೆಯ ಎರಡು ಇಂಚು ಮುಚ್ಚದಂತೆ ತಡೆಯಲು. ಆಮೇಲೆ ಖಾಲಿ ಡ್ರಾಯರ್ ಹಾಕಿ ಆಡಿಸಿ. ಖಾಲಿ ಇದ್ದಾಗ ಸಲೀಸು, ತುಂಬಿದಾಗ ಬಿಗಿ ಎಂದರೆ ತಳದ ಹಲಗೆ ಭಾರಕ್ಕೆ ಜೋತು ಕೆಳಗಿನ ಪಟ್ಟಿಗೆ ಉಜ್ಜುತ್ತಿದೆ. ತಳಕ್ಕೆ 4 ಮಿ.ಮೀ. ಪ್ಲೈ ಹಾಕಿದ ಅಗಲದ ಡ್ರಾಯರುಗಳಲ್ಲಿ ಇದು ಮಾಮೂಲು. ನಡುವೆ ಒಂದು ಅಡ್ಡಪಟ್ಟಿ ಅಂಟಿಸಿದರೆ ನಿಲ್ಲುತ್ತದೆ.

ಚಾನೆಲ್ (ಡ್ರಾಯರ್ ಜಾರುವ ಲೋಹದ ಹಳಿ) ಹಾಕಿದ ಡ್ರಾಯರ್ ಗರಗರ ಎಂದರೆ ಒಳಗೆ ಮರದ ಹುಡಿ ಕೂತಿದೆ. ಒಣ ಬ್ರಷ್ಷಿನಿಂದ ತೆಗೆಯಿರಿ. ಕೊಬ್ಬರಿ ಎಣ್ಣೆ ಹಚ್ಚುವ ರೂಢಿ ಹಲವರಿಗಿದೆ. ಅದು ನಾಲ್ಕು ದಿನ ಜಾರಿಸಿ, ಆಮೇಲೆ ಧೂಳನ್ನು ಹಿಡಿದು ಜಿಡ್ಡುಗಟ್ಟುತ್ತದೆ. ಹುಡಿ ಇಲ್ಲದೆಯೂ ಬಿಗಿಯಾದರೆ ಅಳತೆ ತೆಗೆಯಿರಿ. ಟೆಲಿಸ್ಕೋಪಿಕ್ ಚಾನೆಲಿಗೆ ಡ್ರಾಯರಿನ ಒಂದೊಂದು ಪಕ್ಕದಲ್ಲೂ ಅರ್ಧ ಇಂಚು, ಅಂದರೆ 12.5ರಿಂದ 13 ಮಿ.ಮೀ. ಜಾಗ ಬೇಕು. ಡ್ರಾಯರ್ ಕೂರುವ ಗೂಡಿನ ಒಳ ಅಗಲವನ್ನು ಮುಂದೆ ಒಮ್ಮೆ, ಹಿಂದೆ ಒಮ್ಮೆ ಅಳೆಯಿರಿ. ಹಿಂದೆ ಕಿರಿದಾಗಿದ್ದರೆ ಡ್ರಾಯರ್ ಒಳಹೋದಷ್ಟೂ ಬಿಗಿಯಾಗುತ್ತದೆ. ಮುಂದೆ ಕಿರಿದಾಗಿದ್ದರೆ ಹೊರಗೆಳೆಯುವಾಗ ಬಿಗಿ. ಎಲ್ಲೆಡೆ ಜಾಸ್ತಿ ಜಾಗ ಇದ್ದರೆ ಚಾನೆಲ್ ಎಳೆದುಕೊಂಡು, ಗುಂಡುಗಳು ಕಳಚಿ ಕೆಳಗೆ ಬೀಳುತ್ತವೆ. ಜಾಗ ಜಾಸ್ತಿಯಾದಲ್ಲಿ ಚಾನೆಲಿನ ಹಿಂದೆ ಲ್ಯಾಮಿನೇಟಿನ ಚೂರು ಕೊಟ್ಟು ತುಂಬಿಸಿ. ಜಾಗ ಕಡಿಮೆಯಾದರೆ ಡ್ರಾಯರ್ ಪೆಟ್ಟಿಗೆಯನ್ನೇ ಕೀಸಬೇಕು, ಬೇರೆ ದಾರಿಯಿಲ್ಲ. ಎರಡು ಚಾನೆಲ್ ಒಂದೇ ಮಟ್ಟದಲ್ಲಿ ಇವೆಯೇ ಎಂಬುದನ್ನೂ ರಸಮಟ್ಟ ಇಟ್ಟು ನೋಡಿ. ಒಂದು ಮೇಲೆ, ಒಂದು ಕೆಳಗೆ ಇದ್ದರೆ ಡ್ರಾಯರ್ ಓರೆಯಾಗಿ ಓಡುತ್ತದೆ.

ಮುಚ್ಚಿದ ಡ್ರಾಯರ್ ತಾನಾಗಿ ಹೊರಬರುತ್ತಿದ್ದರೆ ಚಾನೆಲನ್ನು ದೂರುವ ಮುಂಚೆ ಮೇಲ್ಹಲಗೆಯ ಮೇಲೆ ರಸಮಟ್ಟ ಇಡಿ. ಹೊಸ್ತಿಲ ಕಡೆಗೆ ನೀರು ಹರಿಯಲೆಂದು ನೆಲಕ್ಕೆ ಕೊಟ್ಟ ಇಳಿಜಾರು ಮೇಜನ್ನು ಮುಂದಕ್ಕೆ ಬಾಗಿಸಿರಬಹುದು.

ಚಾನೆಲ್ ಇಲ್ಲದ, ಮರದ ಪಟ್ಟಿಯ ಮೇಲೆ ಜಾರುವ ಡ್ರಾಯರಿಗೆ ಬೇರೆ ವಿಧಾನ. ಅದರ ಪಕ್ಕಗಳಿಗೂ ಮೇಲಂಚಿಗೂ ಸೀಮೆಸುಣ್ಣ ದಪ್ಪಗೆ ಸವರಿ, ಒಳಗೆ ತಳ್ಳಿ ನಾಲ್ಕಾರು ಸಲ ಆಡಿಸಿ ಹೊರತೆಗೆಯಿರಿ. ಸುಣ್ಣ ಅಳಿಸಿ ಮರ ಕಂಡ ಜಾಗವೇ ತಾಗುವ ಜಾಗ. ಸಾಮಾನ್ಯವಾಗಿ ಅದು ಅಂಗೈ ಅಗಲಕ್ಕಿಂತ ದೊಡ್ಡದಿರುವುದಿಲ್ಲ. ಅಷ್ಟಕ್ಕೆ ಮಾತ್ರ ಉಪ್ಪುಕಾಗದ ಉಜ್ಜಿ, ಮೇಣದಬತ್ತಿ ತಿಕ್ಕಿ.

ಉಜ್ಜುವ ಮೊದಲು ಮತ್ತೊಮ್ಮೆ ತಿಂಗಳು ನೋಡಿ. ಗಟ್ಟಿಮರದ ಆರಿಂಚು ಎತ್ತರದ ಡ್ರಾಯರ್ ಮುಖ, ಅದರ ಮರದ ಎಳೆ ಅಡ್ಡಕ್ಕೆ ಓಡಿದ್ದರೆ, ಬೇಸಿಗೆಗೂ ಮಳೆಗಾಲಕ್ಕೂ ಒಂದೂವರೆ-ಎರಡು ಮಿ.ಮೀ. ಎತ್ತರ ಬದಲಿಸುತ್ತದೆ. ಜುಲೈಯಲ್ಲಿ ಬಿಗಿಯಾಯಿತೆಂದು ಕೀಸಿದರೆ ಮಾರ್ಚ್‌ನಲ್ಲಿ ಜಿರಳೆ ನುಗ್ಗುವಷ್ಟು ಸಂದು ಬಿಡುತ್ತದೆ. ಮಳೆಗಾಲದಲ್ಲಿ ಬಿಗಿಯಾದ ಡ್ರಾಯರನ್ನು ಹೊರತೆಗೆದು, ಒಳಕೋಣೆಯಲ್ಲಿ ಫ್ಯಾನಿನ ಕೆಳಗೆ ಕೆಲವು ದಿನ ಇಡಿ. ಬಿಸಿಲಿಗೂ ಹೀಟರ್ ಮುಂದೆಯೂ ಬೇಡ, ಸೀಳುತ್ತದೆ. ಬಿಗಿ ಸಡಿಲಿದರೆ ಕಾರಣ ತೇವವೇ. ಆಗ ಮಾಡಬೇಕಾದ್ದು ಒಳಮೈ, ತಳ, ಅಂಚುಗಳಿಗೂ ಪಾಲಿಶ್ ಹೊಡೆಯುವುದು. ಪಾಲಿಶ್ ತೇವವನ್ನು ಪೂರ್ತಿ ತಡೆಯದಿದ್ದರೂ ಏರಿಳಿತವನ್ನು ನಿಧಾನಿಸುತ್ತದೆ. ಡಿಸೆಂಬರ್ ಬಂದರೂ ಬಿಗಿಯೇ ಉಳಿದರೆ ಆಗ ಧೈರ್ಯವಾಗಿ ಕೀಸಿ.

## ಮೇಲ್ಹಲಗೆ ಬಾಗಿದೆ, ಸೀಳಿದೆ

ನೇರ ಪಟ್ಟಿಯೊಂದನ್ನು ಹಲಗೆಯ ಅಗಲಕ್ಕೆ ಅಡ್ಡ ಇಟ್ಟು, ಎಲ್ಲಿ ಬೆಳಕು ನುಸುಳುತ್ತದೆ ನೋಡಿ. ನಡುವೆ ನುಸುಳಿದರೆ ಹಲಗೆ ಮೇಲ್ಮುಖವಾಗಿ ತಗ್ಗಿದೆ, ಅಂಚುಗಳು ಎದ್ದಿವೆ. ಎರಡು ತುದಿಯಲ್ಲಿ ನುಸುಳಿದರೆ ನಡು ಉಬ್ಬಿದೆ. ಮಳೆಗಾಲದಲ್ಲಿ ಅಂಚು ಎದ್ದು, ಬೇಸಿಗೆಯಲ್ಲಿ ನಡು ಉಬ್ಬಿದರೆ ರೋಗ ಸ್ಪಷ್ಟ: ಮೇಲ್ಮೈಗೆ ಮಾತ್ರ ಪಾಲಿಶ್ ಹೊಡೆದಿದ್ದಾರೆ, ಕೆಳಮೈ ಬೋಳು ಬಿಟ್ಟಿದ್ದಾರೆ. ಬೋಳು ಮೈ ತೇವ ಹೀರಿ ಹಿಗ್ಗಿದಾಗ ಅಂಚುಗಳನ್ನು ಮೇಲಕ್ಕೆತ್ತುತ್ತದೆ. ಮೇಜಿನ ಕೆಳಗೆ ಕೈ ಹಾಕಿ ಸವರಿದರೆ ಒರಟು ಮೈ ಕೈಗೆ ಸಿಗುತ್ತದೆ. ಹಲಗೆ ನೆಟ್ಟಗಾಗುವ ಋತುವಿಗೆ ಕಾದು, ಕೆಳಮೈಗೂ ಮೇಲಿನಷ್ಟೇ ಸಲ ಪಾಲಿಶ್ ಹೊಡೆಯಿರಿ. ಭಾರ ಹೇರಿ ಬಲವಂತದಿಂದ ನೆಟ್ಟಗೆ ಮಾಡುವ ಉಪಾಯ ಉಳಿಯುವುದಿಲ್ಲ.

ಸೀಳನ್ನು ಅದು ಇರುವ ಜಾಗದಿಂದ ಓದಬೇಕು. ತುದಿಯಿಂದ ಒಂದೆರಡು ಇಂಚು ಒಳಬಂದು ನಿಂತ ಸಣ್ಣ ಸೀಳು ಹಸಿಮರ ಬೇಗ ಒಣಗಿದ್ದರ ಗುರುತು. ಅಡ್ಡ ಕುಯ್ದ ತುದಿಯಿಂದ ತೇವ ಬಲುಬೇಗ ಹೊರಡುತ್ತದೆ. ಎರಡು ಹಲಗೆ ಕೂಡಿದ ಗೆರೆಯುದ್ದಕ್ಕೂ ನೇರವಾಗಿ ಬಿಟ್ಟರೆ ಅಂಟಿನ ದೋಷ. ಕೂಡುಗೆರೆ ಬಿಟ್ಟು, ಹಲಗೆಯ ನಡುಮೈಯಲ್ಲಿ ಎಳೆಯ ಜಾಡು ಹಿಡಿದು ಸೀಳಿದ್ದರೆ ಮಾತ್ರ ಹಲಗೆಯನ್ನು ಕಟ್ಟಿಹಾಕಿದ ಸ್ಕ್ರೂಗಳ ಮೇಲೆ ಅನುಮಾನ ಪಡಿ.

ಈ ಕೊನೆಯದ್ದು ಮನೆಯಲ್ಲಿ ಮಾಡಿದ ಮೇಜುಗಳಲ್ಲಿ ತುಂಬ ಸಾಮಾನ್ಯ, ಹಾಗಾಗಿ ಸ್ವಲ್ಪ ವಿವರಿಸುತ್ತೇನೆ. 350 ಮಿ.ಮೀ. ಅಗಲದ ತೇಗದ ಹಲಗೆ, ಮರದ ತೇವ ಶೇಕಡಾ ಐದಾರು ಅಂಶ ಏರಿಳಿದರೆ, 3–4 ಮಿ.ಮೀ. ಅಗಲ ಬದಲಿಸಬಹುದು. ತೇಗ ಕಡಿಮೆ ಆಡುವ ಮರ. ಬೇರೆ ಹಲವು ಮರಗಳಲ್ಲಿ ಇದು ಇನ್ನೂ ಹೆಚ್ಚು. ಕೆಳಗಿನ ಪ್ಲೈವುಡ್ ಪೆಟ್ಟಿಗೆಯೋ, ಅದರ ಪದರಗಳು ಒಂದಕ್ಕೊಂದು ಅಡ್ಡಡ್ಡ ಇರುವುದರಿಂದ, ಹೆಚ್ಚುಕಡಿಮೆ ಅಲುಗುವುದೇ ಇಲ್ಲ. ಹಲಗೆಯ ಮುಂದಂಚಿಗೂ ಹಿಂದಂಚಿಗೂ ಸ್ಕ್ರೂ ಬಿಗಿದು ಪೆಟ್ಟಿಗೆಗೆ ಕಟ್ಟಿದರೆ, ಬೇಸಿಗೆಯಲ್ಲಿ ಕುಗ್ಗಲು ಜಾಗ ಸಿಗದೆ ಹಲಗೆ ನಡುವೆ ಸೀಳುತ್ತದೆ. ಅಂಟು ಹಾಕಿ ಕೂರಿಸಿದ್ದರೆ ಇನ್ನೂ ಬೇಗ.

ಪರೀಕ್ಷೆಗೆ ಹಿಂದಿನ ಸಾಲಿನ ಸ್ಕ್ರೂಗಳನ್ನು ಒಂದು ಸುತ್ತು ಸಡಿಲಿಸಿ. ಟಕ್ ಎಂಬ ಸದ್ದು ಬಂದರೆ, ಅಥವಾ ಕೆಲವು ದಿನದಲ್ಲಿ ಸೀಳು ತುಸು ಕೂಡಿಕೊಂಡರೆ, ಹಲಗೆ ಒತ್ತಡದಲ್ಲಿತ್ತು ಎಂದರ್ಥ. ಪರಿಹಾರ ಹೀಗೆ: ಮುಂದಿನ ಸಾಲಿನ ಸ್ಕ್ರೂಗಳು ಹಾಗೇ ಇರಲಿ. ಹಿಂದಿನ ಸಾಲಿನಲ್ಲಿ, ಪೆಟ್ಟಿಗೆಯ ಪಟ್ಟಿಯಲ್ಲಿರುವ ತೂತುಗಳನ್ನು ಹಲಗೆಯ ಅಗಲದ ದಿಕ್ಕಿಗೆ 8–10 ಮಿ.ಮೀ. ಉದ್ದವಾಗುವಂತೆ ಕೊರೆದು, ವಾಷರ್ ಹಾಕಿ ಹದವಾಗಿ ಬಿಗಿಯಿರಿ. ಹಲಗೆ ಕುಗ್ಗಿ ಹಿಗ್ಗಿದಾಗ ಸ್ಕ್ರೂ ಆ ಸೀಳುತೂತಿನಲ್ಲಿ ಸರಿಯುತ್ತದೆ, ಮುಂದಂಚು ಮಾತ್ರ ಕದಲುವುದಿಲ್ಲ.

ಸೀಳಿಗೆ ಬೇಸಿಗೆಯಲ್ಲಿ ಗಟ್ಟಿ ಪುಟ್ಟಿ ತುಂಬುವುದು ಬೇಡವೇ ಬೇಡ. ಮಳೆ ಬಂದು ಹಲಗೆ ಹಿಗ್ಗಿದಾಗ ಪುಟ್ಟಿ ಉಬ್ಬಿ ಹೊರಬರುತ್ತದೆ, ಇಲ್ಲವೇ ಪಕ್ಕದ ಮರವನ್ನು ಒತ್ತಿ ಹೊಸ ಸೀಳು ತೆರೆಯುತ್ತದೆ. ಸೀಳಿನ ಎರಡು ತುದಿಗೆ ಪೆನ್ಸಿಲ್ ಗೆರೆ ಹಾಕಿ ಪಕ್ಕದಲ್ಲಿ ತಾರೀಕು ಬರೆದಿಡಿ. ಗೆರೆ ದಾಟಿ ಮುಂದೆ ಹೋಗುತ್ತಿದ್ದರೆ, ಅಥವಾ ಸೀಳು ಹಲಗೆಯ ಉದ್ದದ ಅರ್ಧಕ್ಕಿಂತ ಹೆಚ್ಚಿದ್ದರೆ, ಹಲಗೆಯನ್ನು ಆ ಗೆರೆಯಲ್ಲೇ ಪೂರ್ತಿ ಸೀಳಿಸಿ ಮತ್ತೆ ಕೂಡಿಸುವುದು ಉತ್ತಮ. ಆ ಕೆಲಸಕ್ಕೆ ಅಂಚನ್ನು ಒಂದೇ ಗೀಟಿನಲ್ಲಿ ಕೀಸುವ ಕೈ ಬೇಕು, ಆಚಾರಿಯವರಲ್ಲಿಗೆ ಒಯ್ಯಿರಿ.

ಉದ್ದಕ್ಕೆ ಜೋತ ಹಲಗೆಯ ಕಥೆ ಬೇರೆ. ಚಪ್ಪಲಿ ಗೂಡಿನ ನಡುಹಲಗೆ ಕೆಳಕ್ಕೆ ಬಾಗಿದ್ದರೆ ಅದು ಭಾರದ ದೋಷ. ಅದೇ ಭಾರಕ್ಕೆ ಹಲಗೆಯ ಉದ್ದ ಇಮ್ಮಡಿಯಾದರೆ ಜೋಲು ಎಂಟು ಪಟ್ಟಾಗುತ್ತದೆ. ಹಾಗಾಗಿ ನಡುವೆ ಒಂದು ನಿಲುಪಟ್ಟಿ ಕೊಟ್ಟರೆ ಸಾಕು. ಪಾರ್ಟಿಕಲ್ ಬೋರ್ಡ್ ಆಗಿದ್ದರೆ ತಿರುಗಿಸಿ ಹಾಕಿದರೂ ಮತ್ತೆ ಜೋಲುತ್ತದೆ, ಬದಲಿಸಿಬಿಡಿ.

## ಗೂಡಿನ ಬಾಗಿಲು ಜೋತಿದೆ, ಸ್ಕ್ರೂ ಹಿಡಿಯುತ್ತಿಲ್ಲ

ಆಟೋ ಹಿಂಜ್ ಆದರೆ ಮೊದಲು ಅದರ ತೋಳಿನ ಮೇಲಿನ ಎರಡು ಸ್ಕ್ರೂ ನೋಡಿ. ಒಂದು ಬಾಗಿಲನ್ನು ಎಡಬಲಕ್ಕೆ ಸರಿಸುತ್ತದೆ, ಇನ್ನೊಂದು ಒಳಹೊರಗೆ. ಮೇಲಿನ ಹಿಂಜನ್ನು ಕಾಲು ಸುತ್ತು ತಿರುಗಿಸಿ ಬಾಗಿಲು ಮುಚ್ಚಿ ನೋಡುತ್ತಾ ಹೋದರೆ ಬಹಳ ಸಲ ಅಷ್ಟರಲ್ಲೇ ಸರಿಯಾಗುತ್ತದೆ.

ಸ್ಕ್ರೂ ಸುತ್ತಿದಷ್ಟೂ ಸುತ್ತುತ್ತಿದ್ದರೆ ತೂತು ಸವೆದಿದೆ. ಉದ್ದದ ಸ್ಕ್ರೂ ಹಾಕುವ ಆಸೆ ಬರುತ್ತದೆ, 18 ಮಿ.ಮೀ. ಹಲಗೆಯಲ್ಲಿ ಅದು ಆಚೆ ಬದಿಗೆ ತೂರಿ ಬರುತ್ತದೆ. ಬಿದಿರಿನ ಕಡ್ಡಿಗೆ ಮರದಂಟು ಅದ್ದಿ ತೂತು ತುಂಬುವಷ್ಟು ತುರುಕಿ, ಒಂದು ದಿನ ಒಣಗಿಸಿ, ಮಟ್ಟಕ್ಕೆ ಕತ್ತರಿಸಿ, ಹೊಸದಾಗಿ ಸಣ್ಣ ತೂತು ಕೊರೆದು ಸ್ಕ್ರೂ ಹಾಕಿ. 4 ಮಿ.ಮೀ. ಸ್ಕ್ರೂಗೆ ಎರಡೂವರೆ-ಮೂರು ಮಿ.ಮೀ. ತೂತು ಸಾಕು. ಪ್ಲೈವುಡ್ ಅಂಚಿನೊಳಗೆ ಹೊಡೆದ ಸ್ಕ್ರೂ ಮಾತ್ರ ಪದರಗಳ ನಡುವೆ ನುಗ್ಗಿ ಅವನ್ನು ಬಿಡಿಸುತ್ತದೆ. ಅಲ್ಲಿ ಕಡ್ಡಿ ತುರುಕಿದರೂ ನಿಲ್ಲದು, ಒಳಗಡೆಯಿಂದ ಮರದ ಪಟ್ಟಿ ಅಂಟಿಸಿ ಹಿಂಜನ್ನು ಅದಕ್ಕೆ ಹಿಡಿಸಿ.

## ಕಾಲಿನ ಬುಡ ಕಪ್ಪಾಗಿದೆ, ಪ್ಲೈ ಊದಿದೆ, ಒಳಗೆ ಬೂಷ್ಟು

ಊದಿದ್ದು ಎಲ್ಲಿಂದ ಎಲ್ಲಿಗೆ ಎಂದು ಗುರುತಿಸಿ. ಕೆಳಗಿನ ಒಂದೆರಡು ಇಂಚು ಮಾತ್ರ ಕಪ್ಪಾಗಿದ್ದರೆ ನೆಲ ಒರೆಸುವ ನೀರು. ಕಾಲಿನ ಅಡಿಯ ಕುಯ್ದ ಮೈ ನೀರನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ, ಪಾಲಿಶ್ ಹೊಡೆಯುವಾಗ ಆ ಜಾಗವನ್ನು ಯಾರೂ ನೆನೆಯುವುದಿಲ್ಲ. ಮೇಜನ್ನು ಮಲಗಿಸಿ ಕಾಲಿನ ಅಡಿಗೆ ದಬ್ಬಣ ಒತ್ತಿ. ತುದಿ ಮಾತ್ರ ಚುಚ್ಚಿ ನಿಂತರೆ ಮರ ಗಟ್ಟಿಯಿದೆ: ಒಂದೆರಡು ವಾರ ಒಣಗಿಸಿ, ಎಪಾಕ್ಸಿ ಅಥವಾ ಎರಡು ಮೂರು ಕೈ ಪಾಲಿಶ್ ಕುಡಿಸಿ, ಒಂದು ಸೆಂ.ಮೀ. ಎತ್ತರದ ರಬ್ಬರ್ ಬುಷ್ ಹಾಕಿ. ದಬ್ಬಣ ಅರ್ಧ ಇಂಚು ಸಲೀಸಾಗಿ ಇಳಿದರೆ ಬುಡ ಕೊಳೆತಿದೆ, ಅಷ್ಟನ್ನು ಕತ್ತರಿಸಿ ಹೊಸ ತುಂಡು ಜೋಡಿಸಬೇಕು.

ಬೆನ್ನಿನ ಹಲಗೆ ಊದಿ, ಪದರ ಬಿಟ್ಟಿದ್ದರೆ ಗೋಡೆಯನ್ನು ಪರೀಕ್ಷಿಸಿ. ಒಂದಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಮೇಜಿನ ಹಿಂದಿನ ಗೋಡೆಗೆ ನಾಲ್ಕೂ ಕಡೆ ಟೇಪ್ ಹಚ್ಚಿ ಎರಡು ದಿನ ಬಿಡಿ. ಹಾಳೆಯ ಒಳಗಡೆ, ಗೋಡೆಯ ಮೈಯಲ್ಲಿ ನೀರಹನಿ ಕಟ್ಟಿದರೆ ಗೋಡೆಯೇ ಜಿನುಗುತ್ತಿದೆ. ಹನಿ ಹಾಳೆಯ ಹೊರಮೈಯಲ್ಲಿದ್ದರೆ ಅದು ಕೋಣೆಯ ಗಾಳಿಯ ತೇವ. ಎರಡನೆಯದಕ್ಕೆ ಮೇಜನ್ನು ಗೋಡೆಯಿಂದ ಎರಡು ಬೆರಳು ಮುಂದಕ್ಕೆ ತಂದು, ಬೆನ್ನಿನ ಹಲಗೆಗೆ ಗಾಳಿ ತೂತು ಕೊರೆದರೆ ಸುಧಾರಿಸುತ್ತದೆ. ಗೋಡೆಗೆ ಕಟ್ಟಿದ ಎಲ್ ಪಟ್ಟಿಗೆ ಅಷ್ಟೇ ದಪ್ಪದ ಮರದ ತುಂಡು ಹಿಂದೆ ಕೊಡಿ, ಕಟ್ಟು ಬಿಚ್ಚಿಯೇ ಬಿಡಬೇಡಿ. ಮೊದಲನೆಯದಾದರೆ ಮರಗೆಲಸ ಅಲ್ಲಿಗೆ ನಿಲ್ಲಿಸಿ. ಪೈಪೋ, ಹೊರಗಿನ ಬಿರುಕೋ, ಮೇಲ್ಮನೆಯ ಬಚ್ಚಲೋ, ಅದನ್ನು ಸರಿಮಾಡಿಸುವ ತನಕ ಹೊಸ ಪ್ಲೈ ಹಾಕಿದರೂ ದಂಡ. ಒದ್ದೆ ಗೋಡೆಯಲ್ಲಿ ಸ್ವಿಚ್ ಬೋರ್ಡ್ ಇದ್ದು ಮುಟ್ಟಿದರೆ ಜುಮ್ಮೆಂದರೆ ಮೇನ್ ಇಳಿಸಿ ಎಲೆಕ್ಟ್ರಿಷಿಯನನ್ನು ಕರೆಯಿರಿ.

ಹೊಸ ಪ್ಲೈ ಕೊಳ್ಳುವಾಗ ಅಂಚಿನ ಮುದ್ರೆ ಓದಿ. ಎಂಆರ್ (ತೇವ ನಿರೋಧಕ) ದರ್ಜೆ ತೇವದ ಗಾಳಿಯನ್ನು ತಾಳಿಕೊಳ್ಳುತ್ತದೆ, ನಿಂತ ನೀರನ್ನು ತಾಳುವುದಿಲ್ಲ. ಐಎಸ್ 710 ಎಂಬ ಮುದ್ರೆಯ ಮರೈನ್ ಪ್ಲೈ ನೀರಿಗೆ ಜಗ್ಗುವುದಿಲ್ಲ, ಬೆಲೆ ಜಾಸ್ತಿ. ಇಡೀ ಮೇಜಿಗೆ ಬೇಡ. ತಳದ ಹಲಗೆಗೂ ಬೆನ್ನಿಗೂ ಅದನ್ನು ಹಾಕಿದರೆ ಹಣ ಸಾರ್ಥಕ. ಕುಯ್ದ ಅಂಚುಗಳನ್ನು ಮುಚ್ಚದಿದ್ದರೆ ಯಾವ ದರ್ಜೆಯೂ ಬಹಳ ದಿನ ಉಳಿಯುವುದಿಲ್ಲ.

ಶೂ ಗೂಡಿನ ಬೂಷ್ಟನ್ನು ಒಣಗಿದಾಗ ಕೆರೆಯಬೇಡಿ, ಪುಡಿ ಗಾಳಿಗೆ ಹಾರುತ್ತದೆ. ಮಾಸ್ಕ್ ಹಾಕಿ, ಸಾಬೂನು ನೀರಿನ ಬಟ್ಟೆಯಲ್ಲಿ ಒರೆಸಿ, ಬಾಗಿಲು ತೆರೆದು ಒಣಗಿಸಿ. ಬ್ಲೀಚನ್ನು ವಿನಿಗರ್ ಜೊತೆಗಾಗಲೀ ಟಾಯ್ಲೆಟ್ ಕ್ಲೀನರ್ ಜೊತೆಗಾಗಲೀ ಬೆರೆಸಲೇಬಾರದು, ವಿಷದ ಗಾಳಿ ಏಳುತ್ತದೆ. ಮನೆಯಲ್ಲಿ ಉಬ್ಬಸದವರಿದ್ದರೆ ಈ ಕೆಲಸ ಅವರಿಗೆ ಬೇಡ.

## ಮೇಜಿನ ಕೆಳಗೆ ಹುಡಿ ಉದುರುತ್ತಿದೆ

ಹೊಸ ಮೇಜಾದರೆ ಗರಗಸದ ಹುಡಿ ಸಂದಿಯಲ್ಲಿ ಉಳಿದು ಉದುರುತ್ತಿರಬಹುದು. ಪೂರ್ತಿ ಗುಡಿಸಿ, ಮೇಜಿನ ಕೆಳಗೆ ಕಪ್ಪು ಕಾಗದ ಹಾಸಿ ಒಂದು ವಾರ ಕಾಯಿರಿ. ಮತ್ತೆ ಹುಡಿ ಬಿದ್ದರೆ ಬೆರಳಲ್ಲಿ ತಿಕ್ಕಿ ನೋಡಿ, ಹುಡಿಯೇ ಹುಳುವಿನ ಜಾತಿ ಹೇಳುತ್ತದೆ.

ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗಿದ್ದು, ಮರದಲ್ಲಿ ಒಂದೆರಡು ಮಿ.ಮೀ. ಅಗಲದ ಗುಂಡು ತೂತುಗಳಿದ್ದರೆ ಹುಡಿಹುಳು. ಅದಕ್ಕೆ ಬೇಕಾದದ್ದು ಮರದ ಪಿಷ್ಟ, ಅದು ಇರುವುದು ಚೇಗಿನ (ನಡುವಿನ ಗಟ್ಟಿ ಮರದ) ಹೊರಗಿನ ಬಿಳಿ ಭಾಗದಲ್ಲಿ. ತೇಗದ ಚೇಗನ್ನು ಅದು ಮುಟ್ಟುವುದಿಲ್ಲ, ಅದೇ ಹಲಗೆಯ ಬಿಳಿ ಅಂಚನ್ನು ತಿನ್ನುತ್ತದೆ. ಉಪಚಾರವಿಲ್ಲದ ರಬ್ಬರ್ ಮರ, ಮಾವು, ಬಿದಿರು ಅದಕ್ಕೆ ಹಬ್ಬ. ಒಂದು ಮಿ.ಮೀ.ಗಿಂತ ಸಣ್ಣ, ಗಟ್ಟಿ, ಮೂಲೆಮೂಲೆಯಾದ ಕಾಳುಗಳು ರಾಶಿ ಬಿದ್ದಿದ್ದರೆ ಅದು ಒಣಮರದ ಗೆದ್ದಲು. ಗೋಡೆಯಿಂದಲೋ ನೆಲದಿಂದಲೋ ಕಾಲಿಗೆ ಮಣ್ಣಿನ ದಾರಿ ಕಟ್ಟಿದ್ದರೆ ಅದು ನೆಲದ ಗೆದ್ದಲು, ಆಗ ದೋಷ ಮೇಜಿನದ್ದಲ್ಲ, ಕಟ್ಟಡದ್ದು. ಮೇಜಿಗೆ ಏನು ಹಚ್ಚಿದರೂ ಅದು ಬಾಗಿಲ ಚೌಕಟ್ಟಿಗೆ ಹೋಗುತ್ತದೆ. ಕೊನೆಯ ಎರಡು ಕಂಡರೆ ಕೀಟ ನಿಯಂತ್ರಣದವರನ್ನು ಕರೆಯಿರಿ.

ಹುಡಿಹುಳುವಿನ ತೂತು ಹಳೆಯದೋ ಹೊಸದೋ ಎಂಬುದು ಮುಖ್ಯ. ಒಳಗೆ ಕಪ್ಪಗೆ, ಧೂಳು ಕೂತಿದ್ದರೆ ಹಳೆಯದು. ತಾಜಾ ಮರದ ಬಣ್ಣ ಕಂಡರೆ ಹೊಸದು. ತೂತುಗಳ ಮೇಲೆ ತೆಳು ಕಾಗದ ಅಂಟಿಸಿ ಕೆಲವು ತಿಂಗಳು ಬಿಡಿ. ಕಾಗದ ತೂತಾದರೆ ಹುಳು ಜೀವಂತ. ಮರಿಹುಳು ಒಳಗೇ ತಿಂಗಳುಗಟ್ಟಲೆ ಬದುಕುವುದರಿಂದ ಒಂದು ವಾರ ಸದ್ದಿಲ್ಲವೆಂದು ನೆಮ್ಮದಿಪಡುವಂತಿಲ್ಲ. ಒಂದೇ ಹಲಗೆಗೆ ಹತ್ತಿದ್ದರೆ ಆ ಹಲಗೆಯನ್ನು ತೆಗೆದುಹಾಕುವುದು ಎಲ್ಲಕ್ಕಿಂತ ಅಗ್ಗದ ಪರಿಹಾರ. ಬೋರಾಕ್ಸ್ ದ್ರಾವಣ ಹಚ್ಚುವುದಾದರೆ ಪಾಲಿಶ್ ಕಳೆದ ಬೋಳು ಮರಕ್ಕೆ ಮಾತ್ರ. ಪಾಲಿಶ್ ಮೇಲೆ ಹಚ್ಚಿದ್ದು ಒಳಗಿಳಿಯುವುದಿಲ್ಲ. ಸೀಮೆಎಣ್ಣೆ, ಪೆಟ್ರೋಲ್ ಸುರಿಯುವ ಹಳೆಯ ರೂಢಿ ಬಿಡಿ. ಮನೆಯ ಬಾಗಿಲಲ್ಲೇ ಬೆಂಕಿಗೆ ಆಹ್ವಾನ ಕೊಟ್ಟಂತೆ.

## ಪಾಲಿಶ್ ಬಿಳುಚಿದೆ, ಅಂಟಂಟಾಗಿದೆ

ಲೋಟ ಇಟ್ಟಲ್ಲಿ ಬಿಳಿ ಉಂಗುರ ಬಿದ್ದರೆ ಎರಡು ದಿನ ಫ್ಯಾನಿನ ಗಾಳಿಗೆ ಬಿಡಿ. ಮೇಲ್ಪದರದಲ್ಲಿ ಸಿಕ್ಕ ತೇವ ಎಷ್ಟೋ ಸಲ ತಾನಾಗಿ ಹೋಗುತ್ತದೆ. ಕಪ್ಪು ಕಲೆಯಾದರೆ ನೀರು ಮರಕ್ಕೇ ಇಳಿದಿದೆ, ಅದು ಪಾಲಿಶ್ ಕಳೆದ ಮೇಲಷ್ಟೇ ತೆಗೆಯಲಾಗುವ ಕಲೆ. ಸ್ಯಾನಿಟೈಸರ್ ಬಾಟಲಿ ಇಟ್ಟ ಜಾಗದಲ್ಲೇ ಹೊಳಪು ಕರಗಿದ್ದರೆ ಕಾರಣ ಅದರ ಆಲ್ಕೋಹಾಲ್: ಅರಗಿನ ಪಾಲಿಶ್ ಅದರಲ್ಲಿ ಕರಗುತ್ತದೆ. ಇದೇ ಗುಣದಿಂದ ಪಾಲಿಶ್ ಯಾವುದೆಂದೂ ತಿಳಿಯಬಹುದು. ಕಾಣದ ಜಾಗದಲ್ಲಿ ಸ್ಪಿರಿಟ್ ಒಂದು ಹನಿ ಇಟ್ಟು ಮೆತ್ತಗಾದರೆ ಅರಗಿನದ್ದು. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಮೆತ್ತಗಾದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಪಿಯು (ಪಾಲಿಯುರೆಥೇನ್) ಅಥವಾ ಮೆಲಮೈನ್ ಇರಬೇಕು, ಅದರ ತೇಪೆ ಕೆಲಸ ಮನೆಯಲ್ಲಿ ಚೆನ್ನಾಗಿ ಬರುವುದಿಲ್ಲ, ಪಾಲಿಶ್ ಮಾಡುವವರಿಗೇ ಬಿಡಿ.

ಲ್ಯಾಕರ್ ಹೊಡೆದ ಕೂಡಲೇ ಇಡೀ ಮೈ ಹಾಲುಬಿಳುಪಾದರೆ ಮಳೆಗಾಳಿಯ ತೇವ ಒಳಗೆ ಸಿಕ್ಕಿದೆ. ಒಣ ದಿನ ನೋಡಿ ಮತ್ತೊಂದು ತೆಳು ಕೈ ಹೊಡೆದರೆ ಹೆಚ್ಚಾಗಿ ತಿಳಿಯಾಗುತ್ತದೆ. ದಿನಗಟ್ಟಲೆ ಕಳೆದರೂ ಅಂಟುವ ಅರಗಿನ ಪಾಲಿಶ್ ಹಳತಾಗಿದ್ದಿರಬೇಕು. ಕರಗಿಸಿಟ್ಟ ಅರಗು ತಿಂಗಳುಗಳಲ್ಲಿ ಗುಣ ಕಳೆದುಕೊಂಡು ಒಣಗುವುದೇ ಇಲ್ಲ. ಸ್ಪಿರಿಟ್‌ನಲ್ಲಿ ಒರೆಸಿ ತೆಗೆದು ಹೊಸದು ಹಚ್ಚಿ.

ಉಜ್ಜುವಾಗ ಎನ್95 ಮಾಸ್ಕ್ ಹಾಕಿ. ಮರದ ಹುಡಿಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಹಳೆಮನೆಯ ಬಾಗಿಲು, ತೊಲೆ ಬಿಚ್ಚಿ ಮಾಡಿದ ಮೇಜಾದರೆ ಇನ್ನೊಂದು ಅಪಾಯವಿದೆ. ಮನೆಬಳಕೆಯ ಬಣ್ಣಗಳಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿ ಜಾರಿಗೆ ಬಂದದ್ದು 2017ರ ನವೆಂಬರ್‌ನಿಂದ. ಅದಕ್ಕೆ ಹಿಂದಿನ ಬಣ್ಣವನ್ನು ಒಣದಾಗಿ ಉಜ್ಜಬೇಡಿ, ಮಕ್ಕಳು, ಗರ್ಭಿಣಿಯರು ಇರುವ ಮನೆಯಲ್ಲಂತೂ ಕೂಡದು.

ಅಗಸೆ ಎಣ್ಣೆ ಹಚ್ಚಿದ ಮೇಲ್ಹಲಗೆ ಅಂಟುತ್ತಿದ್ದರೆ ಎಣ್ಣೆ ಹೆಚ್ಚಾಗಿದೆ. ಟರ್ಪೆಂಟೈನ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಗಾಳಿಯಾಡಲು ಬಿಡಿ. ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಕಸದ ಬುಟ್ಟಿಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಕೂಡಿಕೊಂಡು ಬಟ್ಟೆಗೆ ತಾನಾಗಿ ಬೆಂಕಿ ಹತ್ತಬಹುದು. ಅಂಗಳದಲ್ಲಿ ಒಂದೊಂದೇ ಬಟ್ಟೆಯನ್ನು ಬಿಡಿಸಿ ಹರವಿ, ಪೂರ್ತಿ ಒಣಗಿ ಗರಿಗರಿಯಾದ ಮೇಲೆ ಬಿಸಾಡಿ. ಅಂಗಳವಿಲ್ಲದ ಫ್ಲ್ಯಾಟ್ ಆದರೆ ಮುಚ್ಚಳವಿರುವ ತಗಡಿನ ಡಬ್ಬದಲ್ಲಿ ನೀರು ತುಂಬಿಸಿ, ಬಟ್ಟೆಯನ್ನು ಅದರಲ್ಲಿ ಮುಳುಗಿಸಿಡಿ.